ಕಲ್ಯಾಣಮಂಟಪದ ಭಿತ್ತಿಚಿತ್ರಗಳಲ್ಲಿ ಮೈಸೂರು ನಗರ

ಪುರವರ್ಣನೆಯು ಕನ್ನಡ ಕಾವ್ಯಕ್ಕೆ ಹೊಸದಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದಕ್ಕೆ ನಿಯತವಾದ ಸ್ಥಾನವುಂಟು. ಕವಿಯಾದವನು ಊರನ್ನು ಕಂಡಿರಲಿ ಕಾಣದಿರಲಿ, ಕೋಟೆ, ಅಗಳು, ಉಪ್ಪರಿಗೆ, ಅಂಗಡಿಬೀದಿಗಳನ್ನು ಸಂಪ್ರದಾಯದಂತೆ ಹೊಗಳಿ ಮುಂದೆ ಸಾಗುತ್ತಿದ್ದನು. ಈ ಸಾಮಾನ್ಯ ನಿಯಮಕ್ಕೆ ಹೊರತಾದ ಕಾವ್ಯಗಳು ಕೆಲವೇ. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ (1648) ಅವುಗಳಲ್ಲೊಂದು. ಶ್ರೀರಂಗಪಟ್ಟಣದ ಮಹಾನವಮಿಯ ಸಂಭ್ರಮವು ಅದರಲ್ಲಿ ವಿಸ್ತಾರವಾಗಿ ವರ್ಣಿತವಾಗಿದೆ. ಚಿತ್ರಕಲೆಯಲ್ಲಿಯಾದರೋ ಮೈಸೂರು ಸೀಮೆಯ ವರ್ಣಕಾರರು ದೇವತಾಮೂರ್ತಿಗಳನ್ನೂ ಅರಸರ ಭಾವಚಿತ್ರಗಳನ್ನೂ ಚಿನ್ನದ ರೇಕಿನಿಂದ ಸಿಂಗರಿಸಿ ಬರೆದರೇ ಹೊರತು, ತಾವು ದಿನವೂ ನಡೆದಾಡಿದ ಬೀದಿಯನ್ನು ಬರೆಯಲು ಕೈ ಹಾಕಿದುದು ವಿರಳ. ಆ ಬೀದಿಯು ದೊಡ್ಡ ಪ್ರಮಾಣದಲ್ಲಿ ಚಿತ್ರದೊಳಕ್ಕೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಅದೂ ಅರಮನೆಯ ಗೋಡೆಯ ಮೇಲೆ.

1897ರಲ್ಲಿ ಹಳೆಯ ಅರಮನೆಯು ಬೆಂಕಿಗೆ ತುತ್ತಾದ ತರುವಾಯ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಹೊಸ ಅರಮನೆಯು ಏಳತೊಡಗಿ 1912ರಲ್ಲಿ ಪೂರ್ಣವಾಯಿತು. ಅದರ ಕಲ್ಯಾಣಮಂಟಪವು ಎಂಟು ಮೂಲೆಯದು. ಎರಕದ ಕಬ್ಬಿಣದ ಕಂಬಗಳೂ ನವಿಲುಗಳನ್ನೊಳಗೊಂಡ ಬಣ್ಣದ ಗಾಜಿನ ಮಾಡವೂ ನೋಡುವವರ ದೃಷ್ಟಿಯನ್ನು ಮೊದಲು ಸೆಳೆಯುವುವು. ಸುತ್ತಣ ಗೋಡೆಗಳ ಮೇಲಿರುವ 26 ಚಿತ್ರಗಳು 1930ರ ದಶಕದಲ್ಲಿ ಆರಂಭವಾಗಿ 1945ರ ವೇಳೆಗೆ ಮುಗಿದುವು. ವೈ. ನಾಗರಾಜು, ಎಸ್. ಆರ್. ಅಯ್ಯಂಗಾರ್, ಎಸ್. ಎನ್. ಸ್ವಾಮಿ, ಕೇಶವಯ್ಯ ಮೊದಲಾದ ಮೈಸೂರಿನ ಚಿತ್ರಕಾರರು ಇವನ್ನು ಬರೆದರು. ವಿಷಯವು ದಸರಾ ಮೆರವಣಿಗೆ. ಆಧಾರವು ಆ ಕಾಲದ ಛಾಯಾಚಿತ್ರಗಳು.

ಪ್ರೇಕ್ಷಕನು ಗೋಡೆಯ ಉದ್ದಕ್ಕೂ ನಡೆಯುತ್ತ ಹೋದಂತೆ ಮೆರವಣಿಗೆಯೂ ಅವನ ಜೊತೆಯಲ್ಲಿ ನಡೆಯುತ್ತದೆ. ಸಾಲುಗಟ್ಟಿದ ಸಿಪಾಯಿಗಳು, ವಾದ್ಯಗಾರರು, ಕುದುರೆಗಳು, ಜೂಲು ಹೊದೆದ ಆನೆಗಳು, ಕೊನೆಗೆ ಚಿನ್ನದ ಅಂಬಾರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಯು ಅಪೇಕ್ಷಿಸಿದುದು ಇದನ್ನೇ. ಚಿತ್ರಕಾರರು ಒದಗಿಸಿದುದೂ ಇದನ್ನೇ. ಆದರೆ ಪೋಷಕರ ಅಪೇಕ್ಷೆಯೊಂದರಿಂದಲೇ ಕೃತಿಯ ಬೆಲೆ ಕಟ್ಟುವುದು ಸರಿಯಲ್ಲ. ಬೀದಿಯ ಎರಡು ಬದಿಗಳಲ್ಲಿಯೂ, ಕಟ್ಟಡಗಳ ಮೇಲೂ ಕಿಕ್ಕಿರಿದಿರುವ ಜನಸ್ತೋಮವನ್ನು ನೋಡಬೇಕು. ರುಮಾಲು ಸುತ್ತಿದವರು, ಟೋಪಿಯವರು, ಬರಿದಲೆಯವರು, ಮುದುಕರು, ಹುಡುಗರು ಇವರೆಲ್ಲರೂ ಒಂದೇ ಅಚ್ಚಿನಲ್ಲಿ ತೆಗೆದ ಬೊಂಬೆಗಳಂತಿಲ್ಲ. ಅನೇಕ ಮುಖಗಳು ಗುರುತು ಹಿಡಿಯಬಲ್ಲಂಥ ವ್ಯಕ್ತಿಗಳ ಮುಖಗಳು. ಮೈಸೂರಿನ ಚಿತ್ರಕಲೆಯಲ್ಲಿ ಸಾಮಾನ್ಯ ಪ್ರಜೆಗೆ ತನ್ನದೇ ಆದ ಮುಖವು ದೊರೆತುದು ಇಲ್ಲಿ. ಈ ಚಿತ್ರಗಳ ನಾಯಕನು ಅಂಬಾರಿಯ ಮೇಲಿದ್ದರೂ ಇವುಗಳ ಜೀವವು ನೆಲದ ಮೇಲಿದೆ.

ಛಾಯಾಚಿತ್ರವನ್ನು ಆಧಾರವಾಗಿಟ್ಟುಕೊಂಡುದರಿಂದ ಲಾಭದಂತೆಯೇ ನಷ್ಟವೂ ಆಗಿದೆ. ಶ್ರೀರಂಗಪಟ್ಟಣದ ದರಿಯಾ ದೌಲತಿನ ಗೋಡೆಯ ಮೇಲೆ (1784) 1780ರ ಪೊಲ್ಲಿಲೂರಿನ ಯುದ್ಧವನ್ನು ಬರೆದವರು ದೂರದೃಷ್ಟಿಯ ನಿಯಮಕ್ಕೆ ಕಟ್ಟುಬೀಳಲಿಲ್ಲ. ಪದಾತಿಗಳನ್ನೂ ರಾವುತರನ್ನೂ ಪಂಕ್ತಿಯ ಮೇಲೆ ಪಂಕ್ತಿಯಾಗಿ ಏರಿಸಿ ಗೋಡೆಯನ್ನೇ ತುಂಬಿಬಿಟ್ಟರು. ಅಲ್ಲಿ ಯಾವನಿಗೂ ವ್ಯಕ್ತಿತ್ವವಿಲ್ಲ. ಆದರೆ ಆ ಗೋಡೆ ಗದ್ದಲಿಸುತ್ತದೆ. ಕಲ್ಯಾಣಮಂಟಪದ ಚಿತ್ರಕಾರರು ನೆಳಲು ಬೆಳಕುಗಳನ್ನೂ ಅಂಗಸಾದೃಶ್ಯವನ್ನೂ ಪಾಶ್ಚಾತ್ಯ ಕ್ರಮದಲ್ಲಿ ಸಾಧಿಸಿ, ಪಂಕ್ತಿಕ್ರಮವನ್ನು ಕೈಬಿಟ್ಟರು. ಪರಿಣಾಮವಾಗಿ ಮುಖಗಳು ದಿಟವಾದುವು, ಚಲನೆ ನಿಂತಿತು. ಎಷ್ಟೋ ಕಡೆಗಳಲ್ಲಿ ಆನೆಯು ಹೆಜ್ಜೆ ಎತ್ತಿದ್ದರೂ ಅದು ಮುಂದಿಡುವುದೆಂಬ ನಂಬಿಕೆ ಹುಟ್ಟುವುದಿಲ್ಲ. ಯಂತ್ರದ ಕಣ್ಣು ಒಂದು ಕ್ಷಣವನ್ನು ಹಿಡಿದುಕೊಟ್ಟಿತು. ಅದರ ಹಿಂದುಮುಂದಣ ಕ್ಷಣಗಳನ್ನು ಕಲ್ಪಿಸುವ ಹೊಣೆ ಕುಂಚದ್ದು. ಆ ಹೊಣೆಯನ್ನು ಎಲ್ಲ ಪಟಗಳಲ್ಲಿಯೂ ಒಂದೇ ಸಮನಾಗಿ ಹೊತ್ತಿಲ್ಲವೆಂದೇ ಹೇಳಬೇಕಾಗುತ್ತದೆ.

ಇನ್ನೂ ಗಂಭೀರವಾದ ಆಕ್ಷೇಪವೊಂದುಂಟು. ಇಲ್ಲಿರುವುದು ಹಬ್ಬದ ಊರೇ ಹೊರತು ದಿನದಿನದ ಊರಲ್ಲ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಎಣಿಸುವವನು, ಜಟಕಾ ಹೂಡುವವನು, ಅಗರಬತ್ತಿ ಹೊಸೆಯುವ ಹೆಂಗಸು ಇವರು ತಮ್ಮ ಕೆಲಸವನ್ನು ಬದಿಗಿಟ್ಟು ನೋಟಕರಾಗಿ ಬಂದರೆ ಮಾತ್ರ ಅವರಿಗೆ ಚಿತ್ರದಲ್ಲಿ ಎಡೆ. ಹಳ್ಳಿಗರ ಸಂಗತಿಯೂ ಹೀಗೆಯೇ. ಮೈಸೂರಿನಿಂದ ನಂಜನಗೂಡನ್ನು ದಾಟಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿರುವ ಬೇಗೂರನ್ನು ತೆಗೆದುಕೊಳ್ಳಬಹುದು. ಅಂಥ ಹೋಬಳಿಗಳ ಒಕ್ಕಲಿಗೆ ದಸರೆಯೆಂದರೆ ಮೆರವಣಿಗೆಯ ಒಂದು ಗಳಿಗೆಯಷ್ಟೇ ಅಲ್ಲ. ಬುತ್ತಿ ಕಟ್ಟುವುದು, ಗಾಡಿ ಹೂಡುವುದು, ದಾರಿಯಲ್ಲಿ ಕಪಿಲೆಯ ಸ್ನಾನ, ನಂಜುಂಡೇಶ್ವರನ ದರ್ಶನ, ಪರಸ್ಥಳದ ಛತ್ರದಲ್ಲಿ ರಾತ್ರಿ ಕಳೆಯುವುದು ಇವೆಲ್ಲವೂ ಕೂಡಿದರೆ ಅದು ದಸರೆ. ಚಿತ್ರದಲ್ಲಿ ಉಳಿದುದು ಅವನ ರುಮಾಲು ಮಾತ್ರ.

ಅದೇ ಹೆದ್ದಾರಿಯ ಆಚೆಯ ಕೊನೆಯಲ್ಲಿ ಉದಕಮಂಡಲವಿದೆ. ಅರಮನೆಯಲ್ಲಿ ಗಾರೆಯ ಉಬ್ಬುಚಿತ್ರಗಳನ್ನು ರಚಿಸಿದ ಕೆ. ವೆಂಕಟಪ್ಪನವರು ವರ್ಣಕಾರರ ಮನೆತನದವರಾಗಿದ್ದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿ ಬಂದವರು. ಅವರ ಜಲವರ್ಣಗಳಲ್ಲಿ ಅತ್ಯಂತ ಪ್ರಸಿದ್ಧವಾದುವು ಆ ಮಲೆಯ ಮತ್ತು ಕೊಡೈಕನಾಲಿನ ದೃಶ್ಯಗಳು. ಮಂಜು, ಕೆರೆ, ಮರಗಳಲ್ಲಿ ಅವರು ತೋರಿದ ನಿಷ್ಠೆ ಅಸಾಧಾರಣವಾದುದು. ಆದರೆ ಜನಸಂದಣಿಗೆ ಅಲ್ಲಿ ಎಡೆಯಿಲ್ಲ. ಆ ಕಾಲದ ಮೈಸೂರಿನ ಅತಿ ಸೂಕ್ಷ್ಮವಾದ ಕುಂಚವು ಊರನ್ನು ಬಿಟ್ಟು ಬೆಟ್ಟಕ್ಕೆ ಹೋಯಿತು. ಊರು ಉಳಿದವರ ಪಾಲಿಗೆ ಬಂದಿತು.

ಇದು ಹೀಗೆಯೇ ಆಗಬೇಕಾಗಿದ್ದಿತೇ ಎಂಬುದಕ್ಕೆ ದೂರದ ಒಂದು ನಿದರ್ಶನವನ್ನು ನೋಡಬಹುದು. ಇರಾಕಿನ ಜವಾದ್ ಸಲೀಮನು (ಮರಣ 1961) ಪ್ಯಾರಿಸ್, ರೋಮ್, ಲಂಡನ್ನುಗಳಲ್ಲಿ ವ್ಯಾಸಂಗ ಮಾಡಿ ಬಗದಾದಿಗೆ ಮರಳಿದವನು. 1951ರಲ್ಲಿ ಗೆಳೆಯರೊಡನೆ ಅಲ್ಲಿ ನವ್ಯಕಲೆಯ ಬಳಗವನ್ನು ಸ್ಥಾಪಿಸಿದನು. ಯಾಹ್ಯಾ ಅಲ್-ವಾಸಿತಿಯು 1237ರಲ್ಲಿ ಅಲ್-ಹರೀರಿಯ ‘ಮಖಾಮಾತ್’ ಗ್ರಂಥಕ್ಕೆ ಬರೆದ ಚಿತ್ರಗಳಲ್ಲಿ ಸಂತೆ, ಪಯಣ, ಮಸೀದಿಯ ನೆರವಿಗಳು ತುಂಬಿವೆ. ಸಲೀಮನು ಆ ಹಳೆಯ ಕಿರುಚಿತ್ರಗಳನ್ನು ಹೊಸ ಯೂರೋಪಿನ ರೂಪವಿನ್ಯಾಸದೊಡನೆ ಬೆಸೆದು, ಕಲ್ಲಂಗಡಿ ಮಾರುವವನನ್ನೂ ಆಡುವ ಮಕ್ಕಳನ್ನೂ ಮನೆಯ ಹೆಂಗಸರನ್ನೂ ಬಾಲಚಂದ್ರಾಕೃತಿಯ ರೇಖೆಗಳಲ್ಲಿ ಬರೆದನು. ಅವನ ಚಿತ್ರದಲ್ಲಿ ಯಾರದೂ ಪಡಿಯಚ್ಚಾದ ಮುಖವಿಲ್ಲ. ಹಾಗಿದ್ದರೂ ಅದು ಬಗದಾದು. ಮೈಸೂರಿನವರಿಗೆ ದರಿಯಾ ದೌಲತಿನ ಗೋಡೆಯು ಹತ್ತು ಮೈಲಿಯೊಳಗಿದ್ದಿತು. ಪರಂಪರೆಯ ರೇಖೆಯೂ ಕೈಗೆಟಕುವಂತಿದ್ದಿತು. ಅವನ್ನು ಪೇಟೆಬೀದಿಗೆ ಹೊಂದಿಸಿಕೊಳ್ಳುವ ಪ್ರಯತ್ನವು ಈ ಗೋಡೆಗಳ ಮೇಲೆ ನಡೆಯಲಿಲ್ಲ. ಸಲೀಮನಿಗಿದ್ದ ಸ್ವಾತಂತ್ರ್ಯವು ಅರಮನೆಯ ಆಜ್ಞೆಯಲ್ಲಿ ಕೆಲಸ ಮಾಡಿದವರಿಗೆ ಇರಲಿಲ್ಲವೆಂಬುದು ಸಮಾಧಾನವಾಗಬಲ್ಲದು, ಪೂರ್ಣ ಉತ್ತರವಾಗಲಾರದು.

ನಾಲ್ವಡಿಯವರು 1940ರಲ್ಲಿ ಕಾಲವಾದರು. ಚಿತ್ರಗಳು ಮುಗಿಯುವಷ್ಟರಲ್ಲಿ ಅವುಗಳ ನಾಯಕರೇ ಇರಲಿಲ್ಲ. ರಾಜ್ಯಾಧಿಕಾರವೂ ಅಳಿದು, ಅಂಬಾರಿಯಲ್ಲಿ ಅರಸರಿದ್ದ ಜಾಗದಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿಯು ಮೆರೆಯುತ್ತಿದೆ. ಚಿತ್ರದ ನಡುವೆ ಇರುವ ಅರಸರ ಚರಿತ್ರೆಯನ್ನು ಬರೆದವರು ಹಲವರು. ಅಂಚಿನಲ್ಲಿ ನಿಂತಿರುವವರನ್ನು ಕುರಿತ ಕೆಲಸವು ಇನ್ನೂ ಬಹಳವಿದೆ. ಪಟಪಟವಾಗಿ ನೋಡಿ, ಮೂಲ ಛಾಯಾಚಿತ್ರಗಳು ಸಿಕ್ಕುವಷ್ಟನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಮುಖವು ಯಾರದು, ಯಾವ ಪಟವು ಯಾವ ಕೈಯದು, ಯಾವ ಕಡೆ ಚಿತ್ರಕಾರನು ಛಾಯಾಚಿತ್ರವನ್ನು ಮೀರಿ ತನ್ನ ನೆನಪಿನಿಂದ ಬರೆದಿದ್ದಾನೆ ಎಂಬುದನ್ನು ನಿರ್ಣಯಿಸಬೇಕು. ಈ ಮೂರನೆಯ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಈ 26 ಪಟಗಳಲ್ಲಿ ಕಲೆಯೆಷ್ಟು, ದಾಖಲೆಯೆಷ್ಟು ಎಂಬುದನ್ನು ಪ್ರಮಾಣಪೂರ್ವಕವಾಗಿ ಹೇಳಲು ಬಂದೀತು.