ಗವಾಯಿಯೂ ಚಿತ್ರಪಟವೂ

1955ನೆಯ ಇಸವಿಯ ಮೇ ತಿಂಗಳ 3ನೆಯ ದಿನ ನ್ಯೂಯಾರ್ಕ್ ಪಟ್ಟಣದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಒಂದು ಬಂಗಾಲಿ ಚಿತ್ರಪಟವನ್ನು ತೋರಿಸಲಾಯಿತು. ಆ ಸಂಗ್ರಹಾಲಯದಲ್ಲಿ ಆಗ ನಡೆದಿದ್ದದ್ದು ಭಾರತದ ಬಟ್ಟೆಬರೆ ಆಭರಣಗಳ ಪ್ರದರ್ಶನ. ಚಿತ್ರಪಟವು ಅದರ ನೆರಳಿನಲ್ಲಿ ಅಲ್ಲಿಗೆ ಹೋದದ್ದು. ಅದಕ್ಕೆ ಇಂಗ್ಲಿಷ್ ಅಡಿಬರಹ ಸಹ ಇರಲಿಲ್ಲ. ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಯು ಹೀಗೆ ಕಲಕತ್ತೆಯ ಜನರ ಕಣ್ಣಿಗೆ ಬೀಳುವ ಮೊದಲೇ, ಭಾಷೆಯರಿಯದ ಪರದೇಶದ ರಸಿಕರ ಮುಂದೆ, ಸೀರೆ ಸರಗಳ ನಡುವೆ ನಿಂತು ತನ್ನ ಕತೆ ಹೇಳಿತು. ಕಲಕತ್ತೆಯಲ್ಲಿ ಅದು ತೆರೆಕಂಡದ್ದು ಆ ವರ್ಷದ ಆಗಸ್ಟಿನಲ್ಲಿ. ಮುಂದೆ 1970ರ ದಶಕದಲ್ಲಿ ಅದೇ ಚಿತ್ರವು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡೆಂಬ ಅಡಿಕೆ ತೋಟದ ಹಳ್ಳಿಗೂ ಬಂದಿತು. ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿ, ಪುಣೆಯ ಫಿಲ್ಮ್ ಸಂಸ್ಥೆಯ ಸತೀಶ ಬಹಾದ್ದೂರರಂಥವರನ್ನು ಕರೆಯಿಸಿ, ಪ್ರಪಂಚದ ಶ್ರೇಷ್ಠ ಚಿತ್ರಗಳನ್ನು ಒಕ್ಕಲಿಗರಿಗೂ ಶಾಲಾಮಾಸ್ತರರಿಗೂ ತೋರಿಸಿದರು. ಹಳ್ಳಿಯವರಿಗೆ ಇದು ತಿಳಿದೀತೇ ಎಂದು ಮೂಗುಮುರಿದವರು ಪೇಟೆಯವರು; ನೋಡಿದವರು ಹಳ್ಳಿಯವರು.

ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುವದು. ಚಿತ್ರಪಟವನ್ನು ಪೇಟೆಯ ಸರಕೆಂದು ಬಗೆದರೆ ಅದರ ಆಯುಷ್ಯ ಕೆಲವೇ ವಾರಗಳದು. ಕನ್ನಡದ ಮೊದಲ ಬೋಲಪಟವೆಂದು ಹೆಸರಾದ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ತೆರೆಗೆ ಬಂದಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಪಂಪನ ಕಾವ್ಯವು ಸಾವಿರ ವರ್ಷಗಳನ್ನು ದಾಟಿ ನಮ್ಮ ಕೈಗೆ ಬಂದಿತು. ನಮ್ಮ ಅಜ್ಜಂದಿರು ನೋಡಿದ ಬೋಲಪಟವು ಮಾತ್ರ ನೂರು ವರ್ಷವೂ ಬಾಳಲಿಲ್ಲ. ಹಳೆಯ ಚಿತ್ರವನ್ನು ಕಾಯ್ದಿರಿಸಿ, ಮತ್ತೆ ಮತ್ತೆ ಹೊರತೆಗೆದು, ಹೊಸ ತಲೆಮಾರಿನ ಎದುರಿಗೆ ಹರಡುವ ಕೆಲಸವನ್ನು ಟಾಕೀಜಿನ ಮಾಲಕನಿಂದ ಬಯಸುವದು ನ್ಯಾಯವಲ್ಲ. ಅದು ಸಂಗ್ರಹಾಲಯದ ಕೆಲಸ, ಇಲ್ಲವೆ ಸುಬ್ಬಣ್ಣನವರಂಥ ಹುಚ್ಚರ ಕೆಲಸ.

ಧಾರವಾಡ ಸೀಮೆಯ ವಾಚಕರಿಗೆ ಈ ಪ್ರಶ್ನೆಯು ಇನ್ನೂ ಹತ್ತಿರದ್ದು. ಕತೆಯ ಚಿತ್ರಗಳ ಮಾತು ಹಾಗಿರಲಿ, ಕಲಾವಂತರನ್ನೇ ವಿಷಯವಾಗಿ ಮಾಡಿಕೊಂಡ ಸಾಕ್ಷ್ಯಚಿತ್ರಗಳ ಮಾತನ್ನು ತೆಗೆದುಕೊಂಡರೆ, ಈ ಜಿಲ್ಲೆಯಷ್ಟು ಸಾಮಗ್ರಿಯನ್ನು ಒದಗಿಸಿದ ನೆಲ ಭರತಖಂಡದಲ್ಲಿ ವಿರಳ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೆ ಒಂದು ಚಿತ್ರ ತೆಗೆದರು. ಕವಿಯು ಆಗ ಬದುಕಿದ್ದರು. ಗುಲ್ಜಾರರು 1990ರ ದಶಕದ ಮೊದಲಲ್ಲಿ ಭೀಮಸೇನ ಜೋಶಿಯವರ ಮೇಲೆ ಚಿತ್ರ ತೆಗೆದರು. ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಹೆಸರಿನಲ್ಲಿಯೇ ನೆನಪಿಗೆ ತರುವ 'ರಸಯಾತ್ರಾ' ಎಂಬ ನಂದನ ಕುಡ್ಯಾಡಿಯವರ ಚಿತ್ರಕ್ಕೆ 1994ರ ಸಾಲಿನ ರಾಷ್ಟ್ರೀಯ ಪ್ರಶಸ್ತಿ ಬಂದಿತು; ಬುವಾ ಅವರು ಆಗಲೇ, 1992ರ ಸೆಪ್ಟೆಂಬರಿನಲ್ಲಿ, ತೀರಿಕೊಂಡಿದ್ದರು. ಇವುಗಳನ್ನು ಕುಂದಗೋಳದಲ್ಲಿ, ಅಣ್ಣಿಗೇರಿಯಲ್ಲಿ, ನವಲಗುಂದದಲ್ಲಿ ಎಷ್ಟು ಮನೆಗಳವರು ನೋಡಿರುವರೆಂದು ಕೇಳಿದರೆ ಉತ್ತರವು ಸಂಕೋಚದ್ದಾದೀತು.

ಗಾಯಕನನ್ನು ಚಿತ್ರಪಟದಲ್ಲಿ ಹಿಡಿಯುವದು ಸುಲಭವೆಂದು ತೋರುವದು. ಕುಳಿತು ಹಾಡುವವನ ಮುಂದೆ ಯಂತ್ರವನ್ನಿಟ್ಟರೆ ಆಯಿತಲ್ಲ! ಆದರೆ ಅಲ್ಲಿಯೇ ತೊಡಕು. ಖ್ಯಾಲವು ಕಾಲವನ್ನು ಬೇಡುವ ಕಲೆ. ಷಡ್ಜದಲ್ಲಿ ನೆಲೆಯೂರಿ, ಒಂದೊಂದೇ ಸ್ವರಕ್ಕೆ ಮೆಟ್ಟಿಲು ಕಟ್ಟಿ, ಮೇಲಿನ ಷಡ್ಜವನ್ನು ಮುಟ್ಟುವ ಹೊತ್ತಿಗೆ ಅರ್ಧ ತಾಸಾದರೂ ಕಳೆಯಬೇಕು. ಕಿರಾಣಾ ಮನೆತನದ ಬಢತ್ ಎಂಬುದರ ಜೀವವೇ ಈ ತಾಳ್ಮೆ. ಸರಕಾರದ ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯು 1948ರಲ್ಲಿ ಹುಟ್ಟಿದಾಗ ಅದರ ಚಿತ್ರಗಳಿಗೆ ಅಳತೆ ಗೊತ್ತಾದದ್ದು ಬೇರೆ ಕಾರಣದಿಂದ. ಪ್ರತಿಯೊಂದು ಟಾಕೀಜಿನವನೂ ಮುಖ್ಯ ಆಟಕ್ಕೆ ಮೊದಲು ಸರಕಾರ ಒಪ್ಪಿದ ಚಿತ್ರವನ್ನು ತೋರಿಸಬೇಕೆಂಬುದು ಲೈಸೆನ್ಸಿನ ಕಟ್ಟಳೆಯಾಗಿದ್ದಿತು. ಅದಕ್ಕೆ ಮಿತಿ ಸುಮಾರು 20 ನಿಮಿಷ. ಹಳ್ಳಿಯ ಡೇರೆ ಟಾಕೀಜಿನಲ್ಲಿ ಆ 20 ನಿಮಿಷವೆಂದರೆ ಚುರುಮುರಿ ಕಟ್ಟಿಸಿಕೊಳ್ಳುವ, ಬೀಡಿ ಹಚ್ಚುವ, ಹಿಂದೆ ಬಿದ್ದವರಿಗೆ ಜಾಗ ಹಿಡಿಯುವ ಹೊತ್ತು. ಅಂಥ ಅಳತೆಯಲ್ಲಿ ರಾಗವು ಹಿಡಿಯಲಾರದು. ಆಲಾಪದ ತುಣುಕು, ತಾನಿನ ತುಣುಕು, ನಡುವೆ ಒಬ್ಬ ಅದೃಶ್ಯ ಮಹಾಶಯರ ಗಂಭೀರ ಇಂಗ್ಲಿಷು.

ಈ ಕಟ್ಟಿನೊಳಗೆ ಇದ್ದುಕೊಂಡೇ ಅದನ್ನು ಗೆದ್ದವರೂ ಉಂಟು. ಚಿತ್ರಕಾರ ಎಂ. ಎಫ್. ಹುಸೇನರು 1967ರಲ್ಲಿ ತೆಗೆದ 'ಥ್ರೂ ದಿ ಐಸ್ ಆಫ್ ಎ ಪೇಂಟರ್' ಎಂಬ ಕಿರುಚಿತ್ರವು ವಿವರಣೆಯ ಗೋಜಿಗೇ ಹೋಗದೆ ರಾಜಸ್ಥಾನದ ಒಂದು ಛತ್ರಿ, ಒಂದು ಕಂದೀಲು, ಒಂದು ಕೆರವು ಇವನ್ನು ಚಿತ್ರದಿಂದ ಚಿತ್ರಕ್ಕೆ ಸಾಗಿಸುತ್ತ ಹೋಗುವದು. ಬರ್ಲಿನ್ನಿನಲ್ಲಿ ಅದು ಕಿರುಚಿತ್ರಗಳ ಬಂಗಾರದ ಕರಡಿಯನ್ನು ಗೆದ್ದಿತು. ಇನ್ನೂ ಹೆಚ್ಚಿನದು ರಾಯರ 'ದಿ ಇನ್ನರ್ ಐ' (1972). ಕಣ್ಣು ಕಳೆದುಕೊಂಡ ಚಿತ್ರಕಾರ ವಿನೋದಬಿಹಾರಿ ಮುಖರ್ಜಿಯವರು ಶಾಂತಿನಿಕೇತನದಲ್ಲಿ ಒಂದು ಭಿತ್ತಿಚಿತ್ರವನ್ನು ಕೈಮುಟ್ಟಿ ಅಣಿಗೊಳಿಸುವಲ್ಲಿಂದ ಚಿತ್ರವು ಆರಂಭವಾಗುವದು. ರಾಯರು ತಮ್ಮ ಗುರುಗಳ ದುಃಖವನ್ನು ಪ್ರೇಕ್ಷಕರಿಗೆ ಮಾರುವದಿಲ್ಲ. ಕೊನೆಗೆ ಕೇಳಿಬರುವದು ನಿಖಿಲ ಬ್ಯಾನರ್ಜಿಯವರ ಸಿತಾರದ ಅಸಾವರಿ. ಬೆಳಗಿನ ರಾಗವನ್ನು ಕತ್ತಲೆಯಲ್ಲಿರುವ ಮನುಷ್ಯನಿಗೆ ಕೊಟ್ಟದ್ದರಲ್ಲಿಯೇ ಆ ಚಿತ್ರದ ಟೀಕೆಯೆಲ್ಲ ಅಡಗಿದೆ.

ಅದೇ ರಾಯರು ನಾಲ್ಕು ವರ್ಷಗಳ ನಂತರ 'ಬಾಲಾ' ಚಿತ್ರದಲ್ಲಿ ಎಡವಿದರು. ಈ ಎಡವಿಕೆಯು ಕನ್ನಡಿಗರಿಗೆ ವಿಶೇಷವಾಗಿ ನೋಡತಕ್ಕದ್ದು. ಹದಿನಾಲ್ಕರ ಬಾಲಕನಾಗಿದ್ದಾಗ ಅವರು ಕಲಕತ್ತೆಯಲ್ಲಿ ಬಾಲಸರಸ್ವತಿಯವರ ನೃತ್ಯವನ್ನು ಕಂಡಿದ್ದರು. ಚಿತ್ರ ತೆಗೆಯುವ ಯೋಗ ಕೂಡಿಬಂದಾಗ ಆಕೆಗೆ 58 ವರ್ಷ. ವ್ಯಾಸರಾಯರದೆಂದು ಪ್ರಸಿದ್ಧವಾದ, ಕೃಷ್ಣನನ್ನು ಬೇಗನೆ ಬರಹೇಳುವ ದೇವರನಾಮವು ಆಕೆಯ ಅಭಿನಯದಿಂದ ಜಗತ್ತಿಗೆ ಪರಿಚಿತವಾಗಿದ್ದಿತು. ರಾಯರು ಆಕೆಯನ್ನು ಸಮುದ್ರದ ದಂಡೆಯಲ್ಲಿ ನಿಲ್ಲಿಸಿದರು. ಗಾಳಿ ಬೀಸಿತು, ಸೀರೆಯ ಸೆರಗು ಹಾರಾಡಿತು. ಕೂಸನ್ನು ಕರೆಯುವ ತಾಯಿಯ ಬೆರಳುಗಳ ಸೂಕ್ಷ್ಮವನ್ನು ನೋಡಬೇಕಾದ ಕಣ್ಣು ಸೆರಗಿನ ಹಿಂದೆಯೂ ತೆರೆಗಳ ಹಿಂದೆಯೂ ಓಡಿತು. ಸಮುದ್ರವು ವಿಶಾಲವೆಂಬುದು ನಿಜ. ಆದರೆ ಆ ದೇವರನಾಮಕ್ಕೆ ಬೇಕಾದದ್ದು ಪಡಸಾಲೆ, ನಡುಮನೆ, ಹೊಸ್ತಿಲು. ಚಿತ್ರದ ಕೊನೆಯಲ್ಲಿ ಆಕೆ ರಂಗದ ಮೇಲೆ ಪದವರ್ಣವನ್ನು ಆಡುವಾಗ ಯಂತ್ರವು ಸುಮ್ಮನಿರುವದನ್ನು ಕಲಿತಂತೆ ಕಾಣುವದು. ಅಲ್ಲಿ ಬಾಲಾ ಅವರು ಬಾಲಾ ಅವರೇ ಆಗಿರುವರು.

ಮಣಿ ಕೌಲರ 'ಧ್ರುಪದ್' (1982) ಈ ದೃಷ್ಟಿಯಿಂದ ಬೇರೆ ಜಾತಿಯದು. ಡಾಗರ ಬಂಧುಗಳಾದ ಝಿಯಾ ಮೊಹಿಯುದ್ದೀನರ ವೀಣೆಯನ್ನೂ ಝಿಯಾ ಫರೀದುದ್ದೀನರ ಕಂಠವನ್ನೂ ಅದು ಒಂದು ತಾಸಿಗೂ ಮಿಕ್ಕಿ ಕೇಳುವದು. ಕೇಳುವದು ಎಂಬ ಮಾತು ಇಲ್ಲಿ ಪ್ರಮಾದವಲ್ಲ. ಆ ಚಿತ್ರದಲ್ಲಿ ಕ್ಯಾಮೆರಾವು ನೋಡುವದಕ್ಕಿಂತ ಕೇಳುವದೇ ಹೆಚ್ಚು. ಕೊನೆಗೆ ಅದು ಮುಂಬಯಿಯ ಮಾಳಿಗೆಗಳ ಮೇಲೆ ಕತ್ತರಿಸದೆ ಬಹಳ ಹೊತ್ತು ಹರಿಯುತ್ತ ಹೋದಾಗ, ಕೇಳಿದ ರಾಗವು ಎಲ್ಲಿ ಬದುಕಬೇಕಾಗಿದೆ ಎಂಬುದು ತಾನೇ ತಿಳಿಯುವದು. ಬೇಸರ ಬರುವದಿಲ್ಲವೇ? ಕೆಲವರಿಗೆ ಬರುವದು. ವಿಲಂಬಿತ ಖ್ಯಾಲವನ್ನು ಕೇಳುವಾಗಲೂ ಅವರಿಗೆ ಬರುವದು.

ಇನ್ನು ಕುಂದಗೋಳದ ಮಾತು. 1886ರಲ್ಲಿ ಈ ಊರಿನಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರು ಅಬ್ದುಲ್ ಕರೀಮ ಖಾನಸಾಹೇಬರ ಶಿಷ್ಯರಾಗಿ, ನಾಟಕದ ರಂಗದಲ್ಲಿ ಹೆಸರು ಗಳಿಸಿ, ಸವಾಯಿ ಗಂಧರ್ವರೆನಿಸಿದರು, 1952ರಲ್ಲಿ ತೀರಿಕೊಂಡರು. ಆಗಿನ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ನಾಡಗೀರ ವಾಡೆಯು ಖಾನಸಾಹೇಬರ ಹಾಡಿಕೆಯನ್ನೂ ಕೇಳಿದ ವಾಡೆ. ಗುರುಗಳ ಮನೆಯಲ್ಲಿ ನೀರು ಹೊತ್ತು, ಸಾಧನೆ ಮಾಡಿ ಭೀಮಸೇನರು ಬೆಳೆದದ್ದು ಇಲ್ಲಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಪಾಠಕ್ಕೆ ಬಂದು ರಾತ್ರಿ ಮರಳಿದ್ದು ಈ ಸ್ಟೇಶನ್ನಿನಿಂದ. ಬಸವರಾಜ ರಾಜಗುರುಗಳ ಯಲಿವಾಳವೂ ಇದೇ ತಾಲೂಕಿನದು. ಸವಾಯಿ ಗಂಧರ್ವರ ಹಾಡಿಕೆಯು ಇಂದು ಮುಖ್ಯವಾಗಿ ಉಳಿದಿರುವದು 78 ಸುತ್ತಿನ ತಟ್ಟೆಗಳಲ್ಲಿ, ಮೂರು ಮೂರು ನಿಮಿಷಗಳ ತುಂಡಾಗಿ. ಯಂತ್ರವು ಗುರುಗಳಿಗೆ ಮೂರು ನಿಮಿಷ ಕೊಟ್ಟಿತು. ಶಿಷ್ಯರಿಗೆ ಹೆಚ್ಚು ಕೊಟ್ಟಿತು. ಆ ಹೆಚ್ಚಿನದರಿಂದ ಏನಾಯಿತೆಂದು ಪರೀಕ್ಷಿಸುವ ಅಧಿಕಾರ ಯಾರದು?

ಪ್ರಶಸ್ತಿ ಕೊಡುವವರು ಚಿತ್ರವನ್ನು ಬಲ್ಲರು. ಬುವಾ ಅವರು ಮೈತುಂಬ ಹಾಡಿದ ಬೆಳಗಾವಿನ ಬೈಠಕ್ಕನ್ನು ಕಂಡವರು, ಗಂಗೂಬಾಯಿಯವರ ಗಂಡುಕಂಠಕ್ಕೆ ಮೈ ಝುಮ್ಮೆನಿಸಿಕೊಂಡವರು, ಇಡೀ ರಾತ್ರಿ ಕಂಬಳಿ ಹೊದ್ದು ಕುಳಿತು ಭೈರವಿಯನ್ನು ಕೇಳಿಯೇ ಹೊಲಕ್ಕೆ ಹೋದವರು, ಇವರು ಹಾಡಿಕೆಯನ್ನು ಬಲ್ಲರು. ಅಂಥವರ ತಲೆಗಳು ವರ್ಷ ವರ್ಷ ಕಡಿಮೆಯಾಗುತ್ತಲಿವೆ. ಚಿತ್ರದಲ್ಲಿಯ ಮನ್ಸೂರರು ತಾವು ಕೇಳಿದ ಮನ್ಸೂರರು ಹೌದೋ ಅಲ್ಲವೋ ಎಂದು ಅವರು ಹೇಳಬೇಕು. ಸಾಕ್ಷ್ಯಚಿತ್ರವೆಂಬ ಹೆಸರಿಗೆ ಸಾಕ್ಷಿ ಹೇಳತಕ್ಕವರು ಅವರೇ.

ಕೈಯಲ್ಲಿಯ ಫೋನಿನಲ್ಲಿ ಈಗ ಎಲ್ಲವೂ ಸಿಕ್ಕುವದಲ್ಲ ಎಂದು ಯಾರಾದರೂ ಅನ್ನಬಹುದು. ಕೆಲವು ಸಿಕ್ಕುವವು, ಕೆಲವು ತುಂಡಾಗಿ ಸಿಕ್ಕುವವು. ಆದರೆ ಅಂಗೈಯಷ್ಟು ತೆರೆಯಲ್ಲಿ, ಒಬ್ಬನೇ, ನಡುನಡುವೆ ಬೆರಳಾಡಿಸುತ್ತ ನೋಡಿದ್ದಕ್ಕೂ, ನೂರು ಜನರ ನಡುವೆ ಸಮ್ ಬಂದಾಗ ನೂರು ತಲೆಗಳು ಕೂಡಿಯೇ ತೂಗಿದ್ದಕ್ಕೂ ಹೋಲಿಕೆ ಎಲ್ಲಿಯದು? ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ಅದರ ಮುಂಬಯಿಯ ಆವರಣದಲ್ಲಿ 2019ರಲ್ಲಿ ತೆರೆದ ಭಾರತೀಯ ಸಿನೆಮಾ ಸಂಗ್ರಹಾಲಯವಿದೆ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಅಲ್ಲಿಯವರು ನೋಡಲಿ, ಸಂತೋಷ. ಧಾರವಾಡದಲ್ಲಿ ಮನ್ಸೂರರ 'ಮೃತ್ಯುಂಜಯ' ಎಂಬ ಮನೆಯೇ ಸ್ಮಾರಕವಾಗಿದೆ. ಅವರ ತಂಬೂರಿಯ ಮಗ್ಗುಲಲ್ಲಿ ಒಂದು ಬಿಳಿಯ ಗೋಡೆ ಸಿಕ್ಕೇ ಸಿಕ್ಕುವದು. ಕುಂದಗೋಳದಲ್ಲಿ ಗುರುಗಳ ಪುಣ್ಯತಿಥಿಯ ನಿಮಿತ್ತ ವಾಡೆಯಲ್ಲಿ ಅಹೋರಾತ್ರಿ ಹಾಡಿಕೆ ನಡೆಯುವ ರೂಢಿಯಿದೆ. ಹಾಡಿಕೆಗೆ ಮೊದಲು, ದೀಪ ಹಚ್ಚುವ ಹೊತ್ತಿಗೆ, ಒಂದು ಚಿತ್ರ. ಅದು ಮುಗಿದ ಮೇಲೆ ಮುದುಕರಿಂದ ನಾಲ್ಕು ಮಾತು. ಆ ಮೇಲೆ ತಂಬೂರಿ. ಇದಕ್ಕೆ ಬೇಕಾದ ಖರ್ಚು ಮಂಟಪದ ಹೂವಿನ ಖರ್ಚಿಗಿಂತ ಹೆಚ್ಚಾಗದು. ಮುದುಕರಿಗೆ ಮುಂದಿನ ಸಾಲಿನಲ್ಲಿ ಜಮಖಾನೆ ಹಾಸಬೇಕು, ಅದೂ ನವಲಗುಂದದ್ದೇ ಆಗಿರಲಿ.