ನಿರ್ಧಾರ ಯಾರದು? ಕಿಶೋರ ಕಾದಂಬರಿಯ ಹೊಸ ರಸಿಕರಿಗೆ

ಕಲಬುರಗಿಯಲ್ಲಿ ಆಳಂದದ ಬಸ್ಸು ಹತ್ತಿದವರಿಗೆ ಕಡಗಂಚಿ ಎಂದರೆ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಸ್ಟಾಪು. ಅದು ಶುರುವಾದದ್ದು 2009ರಲ್ಲಿ. ಪುಸ್ತಕದ ಲೋಕದಲ್ಲಿ ಈ ಊರಿನ ಹೆಸರು ಅದಕ್ಕಿಂತ ಬಹಳ ಹಳೆಯದು. ಗಾಣಗಾಪುರದ ನರಸಿಂಹ ಸರಸ್ವತಿಗಳ ಕಥೆ ಹೇಳುವ ‘ಗುರುಚರಿತ್ರೆ’ಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರ ಕಡಗಂಚಿಯ ಸಾಯಂದೇವನ ವಂಶದವನು, ಮನೆಮಾತು ಕನ್ನಡ. ಮಹಾರಾಷ್ಟ್ರದ ಮನೆಮನೆಯಲ್ಲಿ ಇವತ್ತಿಗೂ ಏಳು ದಿನದ ಪಾರಾಯಣಕ್ಕೆ ಕೂಡುವ ಗ್ರಂಥ ಅದು. ಇಡೀ ಕಥೆ ನಡೆಯುವುದು ಪ್ರಶ್ನೆ ಉತ್ತರದಲ್ಲಿ. ನಾಮಧಾರಕ ಕೇಳುತ್ತಾನೆ, ಸಿದ್ಧ ಹೇಳುತ್ತಾನೆ.

ತಿಳಿದವರು ಹೇಳಬೇಕು, ತಿಳಿಯದವರು ಕೈಮುಗಿದು ಕೇಳಬೇಕು ಎಂಬ ಏರ್ಪಾಡು ಭಕ್ತಿಗ್ರಂಥಕ್ಕೆ ಒಪ್ಪುತ್ತದೆ. ಹದಿನೈದರ ಹುಡುಗಿ ಓದಲೆಂದು ಬರೆದ ಕಾದಂಬರಿಗೆ ಒಗ್ಗುವುದಿಲ್ಲ. ಆದರೂ ಮಕ್ಕಳಿಗೆ ಬರೆಯುವ ನಮ್ಮ ಎಷ್ಟೋ ಲೇಖಕರು ಸಿದ್ಧನ ಗದ್ದುಗೆಯಿಂದ ಇಳಿದಿಲ್ಲ. ಕಿಶೋರ ಕಾದಂಬರಿಯ ರುಚಿ ಹತ್ತಬೇಕಾದರೆ ಮೊದಲು ಈ ಗದ್ದುಗೆಯನ್ನು ಗುರುತಿಸಲು ಕಲಿಯಬೇಕು.

ಎಂಟನೇ ತರಗತಿಯಿಂದ ಪಿಯುಸಿವರೆಗಿನ ವಯಸ್ಸಿನವರ ಬದುಕನ್ನು, ಅವರೇ ಓದಲೆಂದು ಹೇಳುವ ಕಾದಂಬರಿಗೆ ನಮ್ಮಲ್ಲಿ ಕಿಶೋರ ಕಾದಂಬರಿ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಇದು ತಡವಾಗಿ ಬಂದ ಬೆಳೆ. ಭೀಮಾ ನದಿ ದಾಟಿ ವಿಜಯಪುರ ಜಿಲ್ಲೆಗೆ ಕಾಲಿಟ್ಟರೆ ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಹೀಗೆ ಶಿಶುಗೀತೆಗೆ ದೊಡ್ಡ ಪರಂಪರೆಯೇ ಇದೆ. ಆದರೆ ಪದ್ಯ ಬಾಯಿಪಾಠ ಮಾಡುವ ವಯಸ್ಸು ದಾಟಿ, ದೊಡ್ಡವರ ಕಾದಂಬರಿ ಇನ್ನೂ ಕೈಗೆ ಹತ್ತದ ನಡುವಿನ ನಾಲ್ಕಾರು ವರ್ಷಗಳಿಗೆ ಪುಸ್ತಕ ಎಲ್ಲಿತ್ತು? ಜಾಣರು ತೇಜಸ್ವಿಯವರ ‘ಕರ್ವಾಲೊ’ ಹಿಡಿದರು. ಉಳಿದವರು ಮೊಬೈಲು ಹಿಡಿದರು.

ಸಾಹಿತ್ಯ ಅಕಾದೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರುಮಾಡಿತು. ಮರುವರ್ಷ ಕನ್ನಡಕ್ಕೆ ಅದನ್ನು ತಂದವರು ನಾ. ಡಿಸೋಜ, ಕೃತಿ ‘ಮುಳುಗಡೆಯ ಊರಿಗೆ ಬಂದವರು’. ಆಮೇಲೆ 2021ರಿಂದ ಸಾಲಾಗಿ ಮೂರು ವರ್ಷ ಪುರಸ್ಕಾರ ಕಾದಂಬರಿಗಳಿಗೇ ಬಂತು. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಪ್ರಶಸ್ತಿಯೇ ಅಳತೆಗೋಲೆಂದು ನಾನು ಹೇಳಲಾರೆ. ಆದರೆ ಪುಸ್ತಕದ ಅಂಗಡಿಯಲ್ಲಿ ಏನು ಕೇಳಬೇಕೆಂದು ತಿಳಿಯದೆ ನಿಂತವರಿಗೆ ಈ ಹೆಸರುಗಳು ದಾರಿ ತೋರುತ್ತವೆ.

ಇನ್ನು ಓದುವ ಬಗೆ. ಕಿಶೋರ ಕಾದಂಬರಿ ಕೈಗೆ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಕಥೆಯ ದೊಡ್ಡ ನಿರ್ಧಾರ ಯಾರದು, ಅದರ ಬೆಲೆ ತೆತ್ತವರು ಯಾರು? ಹುಡುಗ ತಾನೇ ನಿರ್ಧರಿಸಿ ಅದರ ಫಲವನ್ನು ತಾನೇ ಉಂಡರೆ ಅದು ಕಿಶೋರ ಕಾದಂಬರಿ. ಹುಡುಗ ಪೇಚಿಗೆ ಸಿಕ್ಕಿಕೊಂಡು, ಕೊನೆಯ ಅಧ್ಯಾಯದಲ್ಲಿ ಹೆಡ್ ಮಾಸ್ತರರೋ ಅಜ್ಜನೋ ಪೊಲೀಸರೋ ಬಂದು ಎಲ್ಲ ನೆಟ್ಟಗೆ ಮಾಡಿ ಎರಡು ಒಳ್ಳೆಯ ಮಾತು ಹೇಳಿ ಹೋದರೆ ಅದು ನೀತಿಪಾಠ. ಮುಖಪುಟದಲ್ಲಿ ಏನೇ ಅಚ್ಚಾಗಿರಲಿ. ದೊಡ್ಡವರು ಕಥೆಯಲ್ಲಿ ಇರಲೇಬಾರದೆಂದಲ್ಲ. ಅವರು ತಪ್ಪಬಹುದು, ಅಂಜಬಹುದು, ಸುಳ್ಳು ಹೇಳಬಹುದು. ಒಳ್ಳೆಯ ಕಿಶೋರ ಕಾದಂಬರಿಯಲ್ಲಿ ಮಕ್ಕಳು ದೊಡ್ಡವರನ್ನು ಮೊದಲ ಸಲ ಬರಿಯ ಮನುಷ್ಯರಾಗಿ ನೋಡುತ್ತಾರೆ. ಆ ವಯಸ್ಸಿನ ನಿಜವಾದ ಸಾಹಸ ಅದೇ. ಗುಹೆ ಹೊಗುವುದು, ಮನೆ ಬಿಟ್ಟು ಓಡುವುದು ಆಮೇಲಿನವು.

ಅಮೆರಿಕದ ಎಸ್.ಇ. ಹಿಂಟನ್ ಎಂಬಾಕೆ ‘ದಿ ಔಟ್‌ಸೈಡರ್ಸ್’ ಬರೆಯಲು ಕುಳಿತದ್ದು ಹೈಸ್ಕೂಲಿನಲ್ಲಿದ್ದಾಗ. 1967ರಲ್ಲಿ ಪುಸ್ತಕ ಬಂದಾಗ ಆಕೆಗೆ ಇನ್ನೂ ಹದಿನೆಂಟು. ಅದರಲ್ಲಿ ಅಪ್ಪ ಅಮ್ಮ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹುಡುಗರು ಹುಡುಗರ ನಡುವೆಯೇ ಬಡಿದಾಡಿ ಬೆಳೆಯುತ್ತಾರೆ. ಹೀಗೆ ಓದುವವರ ವಯಸ್ಸಿನಲ್ಲಿದ್ದೇ ಬರೆದವರು ಕನ್ನಡದಲ್ಲಿ ವಿರಳ, ಅದಕ್ಕೇ ನಮ್ಮ ಓದುಗರು ಕಣ್ಣು ಇನ್ನಷ್ಟು ಚುರುಕಾಗಿ ಇಟ್ಟುಕೊಳ್ಳಬೇಕು.

ಪುಸ್ತಕದ ಅಭ್ಯಾಸ ಇಲ್ಲದವರು ಸಿನಿಮಾದಿಂದ ಶುರುಮಾಡಿದರೂ ತಪ್ಪಿಲ್ಲ. ಈಚೆಗೆ ಹೊಸ ಪುಸ್ತಕ ಬರುವ ಹೊತ್ತಿಗೆ ಲೇಖಕರನ್ನು ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು ಇದ್ದೇ ಇರುತ್ತದೆ: ‘ಈಗ ಏನು ನೋಡುತ್ತಿದ್ದೀರಿ, ಯಾವ ಹಾಡು ಕೇಳುತ್ತಿದ್ದೀರಿ?’ ಹಿರಿಯ ವಿಮರ್ಶಕರು ಇದನ್ನು ಹರಟೆ ಎಂದು ದಾಟಿಬಿಡುತ್ತಾರೆ. ನನಗೆ ಮಾತ್ರ ಹೊಸ ಓದುಗರಿಗೆ ಇಷ್ಟು ಸಲೀಸಾದ ಬಾಗಿಲು ಇನ್ನೊಂದಿಲ್ಲ ಅನ್ನಿಸುತ್ತದೆ. ಮಕ್ಕಳ ಯಾವ ಸಿನಿಮಾ ಇಷ್ಟ ಎಂದು ಲೇಖಕರನ್ನು ಕೇಳಿ ನೋಡಿ. ಅದರಲ್ಲಿ ನಿರ್ಧಾರ ಯಾರ ಕೈಯಲ್ಲಿದೆ ಎಂದು ನೋಡಿಕೊಂಡರೆ ಅವರ ಪುಸ್ತಕದ ಅಂದಾಜು ಅರ್ಧ ಸಿಕ್ಕಂತೆ.

ಉತ್ಸವ್ ಗೋನವಾರ ಅವರ ‘ಫೋಟೋ’ 2024ರಲ್ಲಿ ತೆರೆಗೆ ಬಂತು. ರಾಯಚೂರು ಕಡೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಅಲ್ಲಿಗೆ ಹೋಗುವ ಹೊತ್ತಿಗೆ ಲಾಕ್‌ಡೌನ್ ಬೀಳುತ್ತದೆ, ಅಪ್ಪ ಮಗ ನಡೆದುಕೊಂಡೇ ಊರಿನ ದಾರಿ ಹಿಡಿಯುತ್ತಾರೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಮುಂಬೈ, ಪುಣೆಗೆ ಗುಳೆ ಹೋಗಿ ಬಂದ ಮನೆಯವರಿಗೆ ಈ ಸಿನಿಮಾವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಆಸೆ ಹುಡುಗನದು, ನಿರ್ಧಾರ ಎಲ್ಲೋ ದೂರದಲ್ಲಿ ಕುಳಿತವರದು, ಬೆಲೆ ಮತ್ತೆ ಹುಡುಗನದೇ. ಇದಕ್ಕೆ ತದ್ವಿರುದ್ಧ ‘ಡೇರ್‌ಡೆವಿಲ್ ಮುಸ್ತಾಫಾ’. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕಥೆಯನ್ನು, ಅವರ ಓದುಗರೇ ಹಣ ಕೂಡಿಸಿ 2023ರಲ್ಲಿ ಸಿನಿಮಾ ಮಾಡಿಸಿದರು. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರಿದಾಗ ಉಳಿದವರಲ್ಲಿ ಏಳುವ ಕುತೂಹಲ, ಗುಮಾನಿ, ಜಿದ್ದು ಎಲ್ಲವನ್ನೂ ಹುಡುಗರೇ ಎಬ್ಬಿಸುತ್ತಾರೆ, ಹುಡುಗರೇ ಇಳಿಸಿಕೊಳ್ಳುತ್ತಾರೆ. ಸಿನಿಮಾ ನೋಡಿ ಅದೇ ವಾರ ಕಥೆ ಓದಿ. ಸಿನಿಮಾ ಎಲ್ಲಿ ಹಿಗ್ಗಿಸಿದೆ, ತೇಜಸ್ವಿ ಎಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ ಎಂದು ಹೋಲಿಸಿದರೆ ಓದುವುದು ಹೇಗೆಂದು ತಾನಾಗಿ ತಿಳಿಯುತ್ತದೆ. ಪೃಥ್ವಿ ಕೊಣನೂರರ ‘ಹದಿನೇಳೆಂಟು’ ಪಿಯುಸಿಯವರು ನೋಡಲೇಬೇಕಾದದ್ದು. ಅಪ್ಪ ಅಮ್ಮಂದಿರು ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು, ಕಸಿವಿಸಿ ಆದರೂ.

ನಿರ್ಧಾರದ ಮಾತು ಮುಗಿದ ಮೇಲೆ ಭಾಷೆಯದು. ನಮ್ಮ ಭಾಗದ ಓದುಗರಿಗೆ ಇದು ಸೂಕ್ಷ್ಮದ ಜಾಗ. ನಾನೇ ಕಟ್ಟಿದ ಉದಾಹರಣೆ ನೋಡಿ. ಕಡಗಂಚಿಯ ಒಂದು ಮನೆ, ಎಲ್ಲರೂ ಮುಂಬೈಗೆ ಹೊರಟಿದ್ದಾರೆ, ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಒಬ್ಬ ಲೇಖಕ ಹೀಗೆ ಬರೆಯುತ್ತಾನೆ:

‘ಅಮ್ಮಾ, ನಾನು ಮುಂಬೈಗೆ ಬರುವುದಿಲ್ಲ. ವಿದ್ಯೆಯೇ ನನ್ನ ಭವಿಷ್ಯ’ ಎಂದು ರೇಣುಕಾ ದೃಢವಾದ ದನಿಯಲ್ಲಿ ನುಡಿದಳು.

ಇನ್ನೊಬ್ಬರು ಹೀಗೆ:

‘ನೀವ್ ಹೋಗ್ರಿ ಯವ್ವಾ. ನನ್ನ ಪರೀಕ್ಷಾ ಅದ.’ ರೇಣುಕಾ ಎಲ್ಲರ ಅರಿವೆ ಮಡಚಿ ಚೀಲಕ್ಕೆ ತುಂಬಿದಳು. ಅವಳ ಸಾಲಿ ಅಂಗಿ ಗೂಟಕ್ಕೇ ಇತ್ತು.

ಮೊದಲನೆಯದರಲ್ಲಿ ಮಾತಾಡುವುದು ರೇಣುಕಾ ಅಲ್ಲ, ಅವಳ ಬೆನ್ನ ಹಿಂದೆ ನಿಂತ ಲೇಖಕ. ‘ವಿದ್ಯೆಯೇ ನನ್ನ ಭವಿಷ್ಯ’ ಎಂದು ಅವ್ವನ ಮುಂದೆ ಯಾವ ಹುಡುಗಿಯೂ ಅನ್ನುವುದಿಲ್ಲ. ಭಾಷಣ ಸ್ಪರ್ಧೆಯಲ್ಲಿ ಅಂದಾಳು. ಎರಡನೆಯದರಲ್ಲಿ ‘ದೃಢವಾದ ದನಿ’ ಇಲ್ಲ, ಆದರೆ ಗೂಟಕ್ಕಿರುವ ಆ ಅಂಗಿಯಿಂದ ಇವಳು ಹೋಗುವುದಿಲ್ಲ ಎಂದು ಓದುಗನಿಗೆ ಖಾತ್ರಿಯಾಗುತ್ತದೆ. ‘ಅದ’, ‘ಹೋಗ್ರಿ’ ಎಂದು ಸೇರಿಸಿದ ಮಾತ್ರಕ್ಕೆ ಬರವಣಿಗೆ ಗೆದ್ದಿತು ಎನ್ನಬೇಡಿ. ನಗಿಸಲಿಕ್ಕೆಂದೇ ಕಲಬುರಗಿ ಮಾತು ಬಳಸುವ ಕಾಮಿಡಿ ರೀಲ್ಸ್ ದಿನಾ ನೋಡುತ್ತೇವೆ. ಆ ಮಾತಿನಲ್ಲಿ ಪಾತ್ರಗಳು ಯೋಚಿಸುತ್ತವೆಯೇ, ಅಳುತ್ತವೆಯೇ, ಮುನಿಸಿಕೊಳ್ಳುತ್ತವೆಯೇ ಎಂದು ನೋಡಬೇಕು. ಸವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ‘ಬದುಕು’ ಕಾದಂಬರಿಯಲ್ಲಿ ಇದನ್ನು ಮಾಡಿ ತೋರಿಸಿದರು. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಅದು ದೊಡ್ಡವರ ಕಾದಂಬರಿ. ಹದಿನೈದರವರಿಗೆ ಅಷ್ಟೇ ಎದೆಗಾರಿಕೆಯಿಂದ ಈ ಮಾತಿನಲ್ಲಿ ಬರೆಯುವವರು ಹೆಚ್ಚಬೇಕು. ಭೀಮೆಯ ನೆರೆ ಇದೆ, ಅಮರ್ಜಾ ಅಣೆಕಟ್ಟು ಇದೆ, ತೊಗರಿ ಹೊಲ ಇದೆ, ಮೊಹರಂ ಹೆಜ್ಜೆಮೇಳ ಇದೆ. ವಸ್ತುವಿಗೇನೂ ಬರ ಇಲ್ಲ.

ಪುಸ್ತಕ ಬಿಡುಗಡೆಗೆ ಹೋಗುವವರಿಗೂ ನಾಲ್ಕು ಮಾತು. ಕೆಲವು ವಾರ ಮುಂಚೆಯೇ ಮುಖಪುಟ ವಾಟ್ಸಾಪಿನಲ್ಲಿ ಬರುತ್ತದೆ, ಮುಂಗಡ ಬುಕಿಂಗಿಗೆ ರಿಯಾಯಿತಿ ಎಂದು ಪ್ರಕಾಶಕರು ಹಾಕುತ್ತಾರೆ. ಆಗಲೇ ಕೊಳ್ಳಿ. ಕನ್ನಡದಲ್ಲಿ ಮಕ್ಕಳ ಪುಸ್ತಕ ಅಚ್ಚಾಗುವ ಪ್ರತಿಗಳು ಕಡಿಮೆ, ಮರುಮುದ್ರಣ ಯಾವಾಗ ಎಂದು ಹೇಳಬರುವುದಿಲ್ಲ. ಸಮಾರಂಭದ ರೂಪ ಎಲ್ಲರಿಗೂ ಗೊತ್ತಿದ್ದದ್ದೇ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಪುಸ್ತಕದ ಕಟ್ಟು ತಟ್ಟೆಯಲ್ಲಿ ಬರುತ್ತದೆ, ಮುಖ್ಯ ಅತಿಥಿಗಳು ರಿಬ್ಬನ್ ಬಿಚ್ಚುತ್ತಾರೆ, ವೇದಿಕೆಯ ಮೇಲಿದ್ದವರೆಲ್ಲ ಒಂದೊಂದು ಪ್ರತಿಯನ್ನು ಎದೆಗೆ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಆಮೇಲೆ ಶಾಲು, ಹಾರ, ಭಾಷಣ. ಪುಸ್ತಕ ಯಾರಿಗೆಂದು ಬರೆದದ್ದೋ ಅವರು ಮುಂದೆ ಜಮಖಾನೆ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಸಿದ್ಧ ಮೇಲೆ, ನಾಮಧಾರಕ ಕೆಳಗೆ.

ನೀವು ಕಿವಿ ಕೊಡಬೇಕಾದದ್ದು ಕೃತಿ ಪರಿಚಯದವರ ಮಾತಿಗೆ. ‘ಮಕ್ಕಳಲ್ಲಿ ಮೌಲ್ಯ ಬಿತ್ತುವ ಕೃತಿ’ ಎಂದು ಅವರು ಸಲ ಸಲಕ್ಕೂ ಹೇಳಿದರೆ, ಅವರು ಪುಸ್ತಕ ಓದಿಲ್ಲ ಅಥವಾ ಪುಸ್ತಕವೇ ಹಾಗಿದೆ. ಎರಡೂ ಹಾನಿಯೇ. ಬದಲಿಗೆ ಒಂದು ಪಾತ್ರದ ಹೆಸರು ಹಿಡಿದು, ಇವಳು ಹೀಗೇಕೆ ಮಾಡಿದಳೋ ನನಗೆ ಇನ್ನೂ ಬಗೆಹರಿದಿಲ್ಲ ಎಂದರೋ, ಮುಂಗಡ ಕೊಂಡಿರದಿದ್ದರೆ ಹೊರಗಿನ ಮೇಜಿಗೆ ಹೋಗಿ ಒಂದು ಪ್ರತಿ ತಗೊಳ್ಳಿ. ಸಂಘಟಕರಿಗೂ ಒಂದು ಕೋರಿಕೆ: ಅಧ್ಯಕ್ಷರ ಭಾಷಣದಿಂದ ಹತ್ತು ನಿಮಿಷ ಕತ್ತರಿಸಿ, ಎಂಟನೇ ತರಗತಿಯ ಒಬ್ಬಳಿಗೆ ಮೈಕು ಕೊಟ್ಟು ಎರಡು ಪುಟ ಓದಿಸಿ. ಬರವಣಿಗೆ ಗಟ್ಟಿಯೋ ಪೊಳ್ಳೋ ಅಷ್ಟರಲ್ಲೇ ಬಯಲಾಗುತ್ತದೆ. ಪುಸ್ತಕದ ಕನ್ನಡ ಅವಳ ಬಾಯಿಗೆ ತೊಡಕಾದರೆ ತಪ್ಪು ಅವಳದಲ್ಲ.

ಕೊನೆಗೆ, ಎಲ್ಲಿಂದ ಶುರು ಎಂದರೆ ನನ್ನ ಸಲಹೆ ಇಷ್ಟು. ಈಗಷ್ಟೇ ಹೈಸ್ಕೂಲು ಮೆಟ್ಟಿಲು ಹತ್ತಿದವರು ‘ಬಾವಲಿ ಗುಹೆ’ ಹಿಡಿಯಲಿ. ಆಮೇಲೆ ‘ಸೂರಕ್ಕಿ ಗೇಟ್’. ‘ಓಡಿ ಹೋದ ಹುಡುಗ’ ಓದಿದವರು ಪೃಥ್ವಿ ಕೊಣನೂರರದೇ ‘ರೈಲ್ವೇ ಚಿಲ್ಡ್ರನ್’ ಹುಡುಕಿ ನೋಡಲಿ, ಅಲ್ಲೂ ಮನೆ ಬಿಟ್ಟವನ ಕಥೆಯೇ. ಡಿಸೋಜರನ್ನು ಮಾತ್ರ ಅವಸರದಲ್ಲಿ ಓದಬೇಡಿ. ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರ ಬರವಣಿಗೆ ಅದು. ಪುಸ್ತಕ ಕೊಳ್ಳಲು ಕಲಬುರಗಿಯ ಸಿದ್ಧಲಿಂಗೇಶ್ವರ ಪ್ರಕಾಶನದ ಅಂಗಡಿಯಲ್ಲಿ ವಿಚಾರಿಸಬಹುದು. ದುಡ್ಡಿಲ್ಲದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವಯಸ್ಸಿನವರಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಹೆಸರು, ಲೇಖಕರು, ಪ್ರಕಾಶಕರು ಇಷ್ಟನ್ನು ಚೀಟಿಯಲ್ಲಿ ಬರೆದು ಮೇಲ್ವಿಚಾರಕರ ಕೈಗೆ ಕೊಡಿ. ಒಬ್ಬರೇ ಹೋಗಬೇಡಿ, ಗೆಳೆಯರನ್ನು ಕರಕೊಂಡು ಹೋಗಿ. ನಾಲ್ಕು ಸಹಿ ಇದ್ದ ಚೀಟಿಗೆ ಬೆಲೆ ಹೆಚ್ಚು.