ಕೋವಿಯ ಒಡಲು ಕಾಯುವ ರಾಡ್

ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ಗೌರವ ನಳಿಕೆಯೊಳಗೂ ತಲುಪಬೇಕಾದರೆ ಒಳ್ಳೆಯ ಕ್ಲೀನಿಂಗ್ ರಾಡ್ ಬೇಕು. ರೈಫಲ್‌ನ ಗುರಿ ನಿಂತಿರುವುದು ಒಳಗಿನ ಸುರುಳಿ ಗೀರುಗಳ ಮೇಲೆ, ಗುಂಡು ಹೊರಬೀಳುವ ಬಾಯಂಚಿನ ಮೇಲೆ. ಹಾಗಾಗಿ ನನ್ನ ಮೆಚ್ಚುಗೆ ಜೋಡಣೆಯಿಲ್ಲದ, ಪ್ಲಾಸ್ಟಿಕ್ ಲೇಪದ ಒಂಟಿ ರಾಡ್‌ಗೆ. ಸಾಧ್ಯವಿದ್ದಲ್ಲೆಲ್ಲ ಅದನ್ನು ನಳಿಕೆಯ ಹಿಂಬದಿಯಿಂದಲೇ, ರಾಡ್ ನೇರವಾಗಿ ಸಾಗುವಂತೆ ಹಿಡಿಯುವ ಗೈಡ್ ಇಟ್ಟು ತೂರಿಸಬೇಕು. ಉಕ್ಕಿನ ನಳಿಕೆಗೆ ಕಂಚಿನ ಬ್ರಷ್ ಏನು ಮಾಡೀತು ಎನ್ನುವವರಿದ್ದಾರೆ. ಅದು ನಿಜವೇ, ಆದರೆ ಕೆಡಿಸುವುದು ಬ್ರಷ್ಷಲ್ಲ, ಬಾಗಿದ ರಾಡ್‌ಗೆ ಅಂಟಿದ ಮಸಿ, ಮರಳು. ಅದು ಬಾಯಂಚನ್ನು ಅರದಂತೆ ಉಜ್ಜುತ್ತದೆ. ಅತಿಯಾಗಿ ತಿಕ್ಕಿದರೂ ಸವೆಯುತ್ತದೆ ಎಂಬ ಆಕ್ಷೇಪ ಮಾತ್ರ ಸರಿಯೇ: .22 ರೈಫಲ್‌ನ ಸೀಸದ ಗುಂಡಿಗೆ ಬಹಳ ಸಲ ಬಟ್ಟೆತುಂಡೇ ಸಾಕು. ಕೆಲಸಕ್ಕಿಳಿಯುವ ಮೊದಲು ಗುಂಡು ತೆಗೆದು, ಚೇಂಬರ್ ಖಾಲಿಯೆಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತಪಡಿಸಿಕೊಳ್ಳಿ. ದ್ರಾವಕ ಬಳಸುವಾಗ ಕಿಟಕಿ ತೆರೆದಿಡಿ.